ಪಂಪನ ತಮ್ಮ ಬರೆಸಿದ ಬಂಡೆ

ಪಂಪ ತನ್ನ ಬಗ್ಗೆ ಮೌನ ವಹಿಸಿದ ಕವಿಯಲ್ಲ. ವಂಶದ ಹಿರಿಯರು, ವೈದಿಕ ಮನೆತನದಲ್ಲಿ ಹುಟ್ಟಿ ಜೈನಧರ್ಮಕ್ಕೆ ಬಂದ ತಂದೆ, ಆಶ್ರಯ ಕೊಟ್ಟ ಅರಿಕೇಸರಿ, ಬಹುಮಾನವಾಗಿ ಸಿಕ್ಕ ಧರ್ಮವುರ, ಕಾವ್ಯ ಮುಗಿಸಲು ಹಿಡಿದ ತಿಂಗಳುಗಳು, ಎಲ್ಲವನ್ನೂ ಹೇಳಿಕೊಂಡಿದ್ದಾನೆ. ಹೇಳದೆ ಬಿಟ್ಟದ್ದು ತಾಯಿಯ ಮತ್ತು ತಮ್ಮನ ಹೆಸರು. ತಾಯಿ ಅಬ್ಬಣಬ್ಬೆ, ತಮ್ಮ ಜಿನವಲ್ಲಭ. ಈ ಹೆಸರುಗಳು ನಮಗೆ ಸಿಕ್ಕಿದ್ದು ತಮ್ಮನೇ ಬರೆಸಿದ ಶಾಸನದಿಂದ.

ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಬಂಡೆಯ ಮೇಲಿರುವ ಈ ಬರಹವನ್ನು ನಾವು ಗಂಗಾಧರಂ ಶಾಸನ ಎನ್ನುತ್ತೇವೆ. ನಮ್ಮ ತರಗತಿಗಳಲ್ಲಿ ಅದಕ್ಕೆ ಇರುವ ಕೆಲಸ ಒಂದೇ: ಪಂಪನ ಜೀವನಚರಿತ್ರೆಗೆ ಆಧಾರ ಒದಗಿಸುವುದು. ತಂದೆಯ ಕಡೆಯವರು ವೆಂಗಿನಾಡಿನವರು, ತಾಯಿ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಇಷ್ಟನ್ನು ಟಿಪ್ಪಣಿ ಮಾಡಿಕೊಂಡು ಮುಂದೆ ಹೋಗುತ್ತೇವೆ. ಜಿನವಲ್ಲಭ ಅಣ್ಣನ ಪರ ಸಾಕ್ಷಿ ಹೇಳಿ ಕಟಕಟೆ ಇಳಿದುಬಿಡುತ್ತಾನೆ.

ಆದರೆ ಶಾಸನವನ್ನು ಒಂದು ಕೃತಿಯಾಗಿ ಓದಿದರೆ ಬೇರೆಯೇ ವ್ಯಕ್ತಿ ಕಾಣುತ್ತಾನೆ. ಅದರಲ್ಲಿ ಸಂಸ್ಕೃತವಿದೆ, ಕನ್ನಡವಿದೆ, ಕೊನೆಗೆ ತೆಲುಗಿನ ಮೂರು ಕಂದಪದ್ಯಗಳಿವೆ. ನನ್ನಯನ ಭಾರತಕ್ಕಿಂತ ಸುಮಾರು ಒಂದು ಶತಮಾನ ಹಿಂದಿನವು ಅವು. ಅಣ್ಣ ಕನ್ನಡದಲ್ಲಿ ಪಳಗಿಸಿದ ಕಂದವೇ ತಮ್ಮನ ಬಂಡೆಯ ಮೇಲೆ ಸುತ್ತಲಿನ ಜನರ ನುಡಿಯಲ್ಲಿ ನಿಂತಿದೆ. ಆ ಪದ್ಯಗಳು ಹೊಗಳುವುದು ಪಂಪನನ್ನಲ್ಲ, ಜಿನವಲ್ಲಭನ ಭಕ್ತಿಯನ್ನು, ಗುಣವನ್ನು. ಅಣ್ಣನ ಕೀರ್ತಿಯನ್ನು ಸಾರಿದವನು ತನ್ನ ಹೆಸರಿಗೂ ಜಾಗ ಇಟ್ಟುಕೊಂಡಿದ್ದಾನೆ.

ಅವನು ಮಾಡಿಸಿದ ಕೆಲಸಗಳ ಪಟ್ಟಿಯಲ್ಲೂ ಇದೇ ಹದವಿದೆ. ಜಿನಬಿಂಬಗಳು, ಚಕ್ರೇಶ್ವರಿ, ತ್ರಿಭುವನತಿಲಕವೆಂಬ ಬಸದಿ, ಮದನವಿಲಾಸವೆಂಬ ಬನ. ಕೆರೆಗೆ ಮಾತ್ರ ಕವಿತಾಗುಣಾರ್ಣವ ಎಂದು ಹೆಸರಿಟ್ಟ. ಅದು ಪಂಪನ ಬಿರುದು. ಕಾವ್ಯದ ಕಡಲೆಂದು ಕರೆಸಿಕೊಂಡ ಅಣ್ಣನ ಬಿರುದನ್ನು ತಮ್ಮ ಊರಿನವರು ನೀರು ತುಂಬಿಕೊಳ್ಳುವ ಕೆರೆಗೆ ಕೊಟ್ಟ. ಇದಕ್ಕಿಂತ ಒಳ್ಳೆಯ ಪಂಪ ಪ್ರಶಸ್ತಿ ನನಗೆ ಗೊತ್ತಿಲ್ಲ.

ಶಾಸನ ಆ ತಾಣವನ್ನು ವೃಷಭಗಿರಿಯ ದಕ್ಷಿಣಕ್ಕಿರುವ ಸಿದ್ಧಶಿಲೆ ಎನ್ನುತ್ತದೆ. ಆದಿಪುರಾಣ ಓದಿದವರಿಗೆ ಇಲ್ಲಿ ವೃಷಭಾಚಲ ನೆನಪಾಗದೆ ಇರದು. ದಿಗ್ವಿಜಯ ಮುಗಿಸಿದ ಭರತ ಆ ಬೆಟ್ಟದ ಮೇಲೆ ತನ್ನ ಹೆಸರು ಕೆತ್ತಿಸಲು ಹೋಗುತ್ತಾನೆ. ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬೆಟ್ಟವೆಲ್ಲ ತುಂಬಿರುತ್ತದೆ. ಅವನ ಗರ್ವ ಕರಗುತ್ತದೆ, ಆದರೂ ಇನ್ನೊಬ್ಬನ ಹೆಸರು ಅಳಿಸಿಯೇ ತನ್ನದನ್ನು ಬರೆಸುತ್ತಾನೆ. ಮುಂದೆ ತಮ್ಮ ಬಾಹುಬಲಿಯೊಡನೆ ಕಾದಿ ಸೋಲುವವನೂ ಅವನೇ. ಪಂಪನ ಕಾವ್ಯದ ಅಣ್ಣನಿಗೆ ಯಾರನ್ನೂ ಅಳಿಸದೆ ಬರೆಯಲು ಬರಲಿಲ್ಲ. ಪಂಪನ ತಮ್ಮನಿಗೆ ಬಂತು. ಒಂದೇ ಬಂಡೆಯ ಮೇಲೆ ತಂದೆ, ತಾಯಿ, ಅಣ್ಣ, ತಾನು, ಮೂರು ಭಾಷೆ, ಎಲ್ಲಕ್ಕೂ ಜಾಗವಾಯಿತು.

ಅಳಿಸಿದವರು ನಾವು. ಕನ್ನಡದವರು ವಂಶಾವಳಿಯನ್ನು ಹರಿದುಕೊಂಡೆವು, ತೆಲುಗಿನವರು ಮೂರು ಕಂದಗಳನ್ನು. ನಡುವೆ ಜಿನವಲ್ಲಭ ಉಳಿಯಲಿಲ್ಲ. ಪಂಪನನ್ನು ಓದುವ ವಿದ್ಯಾರ್ಥಿಗಳು ಈ ಶಾಸನದ ಪೂರ್ಣಪಾಠವನ್ನು ಅಡಿಟಿಪ್ಪಣಿಯಿಂದ ಮೇಲೆತ್ತಿ, ಆದಿಪುರಾಣದ ಪಕ್ಕದಲ್ಲಿಟ್ಟು ಓದಬೇಕು. ಹತ್ತನೆಯ ಶತಮಾನದ ಆ ಮನೆಯಲ್ಲಿ ಬರಹದ ಹಂಬಲ ಒಬ್ಬನಿಗಷ್ಟೇ ಇರಲಿಲ್ಲ.