ಕಡಲು ಕೊರೆದ ದಂಡೆಯ ಓದು

ಅಮೆರಿಕದ ಫ್ಲಾರಿಡಾದಲ್ಲಿ ಸೆಬಾಸ್ಟಿಯನ್, ವೆರೋ ಬೀಚ್, ಫೋರ್ಟ್ ಪಿಯರ್ಸ್ ಊರುಗಳ ದಂಡೆಗೆ ‘ಟ್ರೆಷರ್ ಕೋಸ್ಟ್’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1715ರ ಜುಲೈ ಕೊನೆಗೆ, ಹವಾನಾದಿಂದ ಬೆಳ್ಳಿ ಬಂಗಾರ ಹೇರಿಕೊಂಡು ಸ್ಪೇನಿಗೆ ಹೊರಟಿದ್ದ ಹಡಗುಗಳಲ್ಲಿ 11 ಚಂಡಮಾರುತಕ್ಕೆ ಸಿಕ್ಕಿ ಇಲ್ಲಿ ಒಡೆದವು. ಮುನ್ನೂರು ವರ್ಷಗಳ ಮೇಲೂ ಅವುಗಳ ನಾಣ್ಯ ಆಗೊಂದು ಈಗೊಂದು ದಡದಲ್ಲಿ ಸಿಗುತ್ತದೆ. ಮೆಟಲ್ ಡಿಟೆಕ್ಟರ್ ಹಿಡಿದು ಅದನ್ನು ಅರಸುವ ಹವ್ಯಾಸಿಗಳು ಮನೆಯಿಂದ ಹೊರಡುವ ಮೊದಲೇ ಗಾಳಿಯ ದಿಕ್ಕು, ಅಲೆಯ ಎತ್ತರ, ಇಳಿತದ ವೇಳೆ ನೋಡಿಕೊಂಡು, ಇಂದು ದಂಡೆ ಹೇಗಿದೆಯೆಂದು ಅಳೆಯುತ್ತಾರೆ. ಈ ಅಳತೆ ಎಷ್ಟು ಗಟ್ಟಿ?

ಅದರ ಬುನಾದಿ ಗಟ್ಟಿಯಾಗಿಯೇ ಇದೆ. ಸಾಮಾನ್ಯ ಡಿಟೆಕ್ಟರ್‌ಗೆ ಒಂದು ನಾಣ್ಯ ಗೇಣು, ಹೆಚ್ಚೆಂದರೆ ಒಂದೂವರೆ ಗೇಣು ಆಳದವರೆಗೆ ಕಾಣುತ್ತದೆ. ಬೇಸಿಗೆಯ ಶಾಂತ ಕಡಲು ದಡಕ್ಕೆ ಮರಳು ತಂದು ಪೇರಿಸುತ್ತದೆ. ಅದರಡಿ ಹೂತುಹೋದದ್ದು ಯಾವ ಯಂತ್ರಕ್ಕೂ ನಿಲುಕದು. ಈಶಾನ್ಯದ ಬಿರುಗಾಳಿ ಎಬ್ಬಿಸುವ ಕಡಿದಾದ, ಒತ್ತೊತ್ತಾದ ಅಲೆಗಳು ಅದೇ ಮರಳನ್ನು ಕಡಲಿಗೆ ಎಳೆದೊಯ್ದು, ದಂಡೆಯನ್ನು ಗೋಡೆಯ ಹಾಗೆ ಕಡಿಯುತ್ತವೆ. ಹಗುರ ಮರಳು ಹೋಗಿ ಭಾರದ ಲೋಹ ಉಳಿಯುತ್ತದೆ. ದುಬಾರಿ ಯಂತ್ರಕ್ಕಿಂತ ಸರಿಯಾದ ದಿನ ಮುಖ್ಯ ಎಂಬ ಹಳಬರ ಮಾತು ಇದರಿಂದಲೇ ನಿಜ.

ಆದರೆ ಅಲೆಯ ಎತ್ತರವೊಂದನ್ನೇ ನೆಚ್ಚಿದರೆ ಈ ಲೆಕ್ಕ ಕೈಕೊಡುತ್ತದೆ. ಎತ್ತರದ ಅಲೆಯೂ ನಿಧಾನ ಲಯದಲ್ಲಿ ಬಂದರೆ ಮರಳನ್ನು ಕೂಡಿಸಬಹುದು. ಒಂದೇ ಬಿರುಗಾಳಿ ಒಂದು ಕಡೆ ಕೊರೆದು ಪಕ್ಕದಲ್ಲೇ ಪೇರಿಸುತ್ತದೆ. ಕೊರೆತ ತಡೆಯಲು ಬೇರೆಡೆಯಿಂದ ತಂದು ಸುರಿದ ಮರಳಿದ್ದಲ್ಲಿ ಆಳೆತ್ತರ ಕಡಿದರೂ ಹಳೆಯ ಪದರ ಹೊರಬೀಳದೆ ಇರಬಹುದು. ಕಡಿತ ಕಂಡರೆ ಸಾಲದು, ಕಡಿದದ್ದು ಯಾವ ಮರಳನ್ನು ಎಂಬುದೂ ತಿಳಿಯಬೇಕು. ಅದಕ್ಕೆ ದಂಡೆಯಲ್ಲಿ ನಡೆದೇ ತೀರಬೇಕು.

ಈ ಓದಿನ ಅತ್ಯುತ್ತಮ ಮಾದರಿ ಕಿಪ್ ವ್ಯಾಗ್ನರ್. ಬಿರುಗಾಳಿಯ ಬೆನ್ನಿಗೆ ದಡ ಸುತ್ತಿ ಬೆಳ್ಳಿನಾಣ್ಯ ಆಯುತ್ತಿದ್ದ ಆತ, ಅವುಗಳಲ್ಲಿ 1715ರಿಂದೀಚಿನದು ಒಂದೂ ಇಲ್ಲವೆಂಬುದನ್ನು ಗಮನಿಸಿದ. ನಾಣ್ಯ ಸಿಕ್ಕ ಜಾಗಗಳ ನೇರಕ್ಕೆ ಕಡಲಲ್ಲಿ ಒಡೆದ ಹಡಗಿರಬೇಕೆಂದು ಊಹಿಸಿದ. ಸ್ನೇಹಿತನೊಬ್ಬ ಗ್ರಂಥಾಲಯಗಳಲ್ಲಿ ಹುಡುಕಿದ ದಾಖಲೆಗಳು ಅದಕ್ಕೆ ಒತ್ತಾಸೆಯಾದವು. ಮರೆತುಹೋಗಿದ್ದ ಆ ಹಡಗುಗಳು ಹೀಗೆ ಮತ್ತೆ ಪತ್ತೆಯಾದವು. ಏನು ಸಿಕ್ಕಿತು ಎಂಬುದರಷ್ಟೇ ಎಲ್ಲಿ ಸಿಕ್ಕಿತು ಎಂಬುದನ್ನೂ ಆತ ಲೆಕ್ಕಕ್ಕೆ ತೆಗೆದುಕೊಂಡದ್ದರ ಫಲವಿದು.

ಇಂದಿನ ಅಭ್ಯಾಸ ಸೊರಗಿರುವುದು ಇಲ್ಲಿಯೇ. ಹೊರಡುವ ಮುಂಚೆ ಗಾಳಿ, ಅಲೆ, ಇಳಿತಗಳನ್ನು ಅಷ್ಟು ಶ್ರದ್ಧೆಯಿಂದ ನೋಡುವವರು ನಾಣ್ಯ ಜೇಬಿಗಿಳಿದ ಮೇಲೆ ಜಾಗ, ಆಳ, ಪದರಗಳನ್ನು ಬರೆದಿಡದಿದ್ದರೆ ಆ ನಾಣ್ಯ ಬರಿಯ ಬೆಳ್ಳಿಯಷ್ಟೆ. ಅದು ಹೇಳಬಹುದಾಗಿದ್ದ ಚರಿತ್ರೆ ಮತ್ತೆ ಸಿಗುವುದಿಲ್ಲ.

‘ಒಳ್ಳೆಯ ದಂಡೆ’ ಎಂಬ ತೀರ್ಮಾನದಲ್ಲಿ ಇನ್ನೊಂದು ಕೊರತೆಯಿದೆ. 2022ರ ನವೆಂಬರ್ 10ರಂದು ವೆರೋ ಬೀಚ್‌ನ ದಕ್ಷಿಣಕ್ಕೆ ಅಪ್ಪಳಿಸಿದ ನಿಕೋಲ್‌ನಂಥ ಚಂಡಮಾರುತ ನಿಧಿ ಹುಡುಕುವವರಿಗೆ ಅವಕಾಶ. ಮರಳದಿಬ್ಬ ಕಳೆದುಕೊಂಡ ಮನೆಗಳಿಗೆ ಅದು ಆಪತ್ತು. ಇದೇ ದಂಡೆಯಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಮಾರ್ಚ್‌ನಿಂದ ಅಕ್ಟೋಬರ್ ತನಕ ಅವುಗಳ ಕಾಲ. ಕಡಿದು ನಿಂತ ದಿಬ್ಬದ ಬುಡವನ್ನು ನಾಣ್ಯಕ್ಕಾಗಿ ತೋಡಿದರೆ ಅದು ಇನ್ನಷ್ಟು ಕುಸಿಯುತ್ತದೆ. ದಂಡೆಯ ಸ್ಥಿತಿ ಎಂದಾಗ ಇವೂ ಲೆಕ್ಕಕ್ಕೆ ಬರಬೇಕು.

ಹಾಗೆಂದು ಈ ಹವ್ಯಾಸವನ್ನು ಹಣದಾಸೆಯೆಂದು ತಳ್ಳಿಹಾಕುವುದು ಅನ್ಯಾಯ. ಗಾಳಿ ತಿರುಗಿದ್ದನ್ನು, ಮರಳು ಒಂದಡಿ ಇಳಿದದ್ದನ್ನು ವರ್ಷವಿಡೀ ಗಮನಿಸುವ ಇಷ್ಟು ಕಣ್ಣುಗಳು ಬೇರೆ ಎಲ್ಲಿವೆ? ಆ ಗಮನಕ್ಕೆ ಒಂದು ದಿನಚರಿ ಪುಸ್ತಕ ಜೊತೆಯಾಗಲಿ. ತಾರೀಖು, ಜಾಗ, ಗಾಳಿ, ಕೊರೆತದ ಎತ್ತರ, ಸಿಕ್ಕಿದ್ದು, ಸಿಗದಿದ್ದದ್ದು ಎಲ್ಲವೂ ಅದರಲ್ಲಿ ದಾಖಲಾಗಲಿ. ಬರಿಗೈಯಲ್ಲಿ ಮರಳಿದ ದಿನದ ಟಿಪ್ಪಣಿಯೂ ಕೊರೆತವನ್ನು ಅಭ್ಯಸಿಸುವವರಿಗೆ, ಪುರಾತತ್ತ್ವಜ್ಞರಿಗೆ ಬೇಕಾದ ಸಾಮಗ್ರಿ. ಅಷ್ಟಾದರೆ ಒಬ್ಬರ ಅದೃಷ್ಟ ಎಲ್ಲರ ಅರಿವಾಗುತ್ತದೆ.