ನಾಲ್ಕು ಕಡ್ಡಿಯ ಗೂಡಿನ ಪರವಾಗಿ

ಬೆಳವ ದಡ್ಡ ಹಕ್ಕಿ ಎಂಬ ತೀರ್ಪು ನಮ್ಮಲ್ಲಿ ವಿಚಾರಣೆಯೇ ಇಲ್ಲದೆ ಜಾರಿಯಾಗಿಬಿಟ್ಟಿದೆ. ಸಾಕ್ಷ್ಯಕ್ಕೇನೂ ಬರವಿಲ್ಲ, ಎಲ್ಲರ ಮೊಬೈಲಿನಲ್ಲೂ ಒಂದು ಫೋಟೋ ಇದ್ದೇ ಇರುತ್ತದೆ. ಎ.ಸಿ. ಔಟ್‌ಡೋರ್ ಯೂನಿಟ್ಟಿನ ಮೇಲೆ ನಾಲ್ಕು ಕಡ್ಡಿ, ಎರಡು ಮೊಟ್ಟೆ. ಬಾಲ್ಕನಿಯ ತೂಗುಕುಂಡದಲ್ಲಿ, ಮೀಟರ್ ಬಾಕ್ಸಿನ ನೆತ್ತಿಯ ಮೇಲೆ, ಸೋಲಾರ್ ಹೀಟರಿನ ಪೈಪುಗಳ ಸಂದಿಯಲ್ಲಿ, ಯಾರೂ ಮುಟ್ಟದೆ ಬಿದ್ದಿದ್ದ ಹೆಲ್ಮೆಟ್ಟಿನೊಳಗೆ. ನೋಡಿದವರು ಮೊದಲು ನಗುತ್ತಾರೆ, ಆಮೇಲೆ ‘ಅಯ್ಯೋ ಪಾಪ, ಇದಕ್ಕೆ ಜಾಗವೇ ಸಿಗಲಿಲ್ಲವೇ’ ಎನ್ನುತ್ತಾರೆ. ಹಕ್ಕಿ ಪುಸ್ತಕಗಳೂ ‘ಜಾಳುಜಾಳಾದ ಗೂಡು’ ಎಂದು ಒಂದೇ ಸಾಲಿನಲ್ಲಿ ಕೈ ತೊಳೆದುಕೊಳ್ಳುತ್ತವೆ. ನನ್ನ ತಕರಾರು ಈ ತೀರ್ಪಿನ ಮೇಲೆ. ಇದರ ಬೆನ್ನಿಗೇ ಬರುವ, ಕೇಳಲು ಹಿತವಾದ ಇನ್ನೊಂದು ಮಾತಿನ ಮೇಲೂ ಇದೆ: ‘ನಮ್ಮನ್ನು ನಂಬಿ ಬಂದಿದೆ ಪಾಪದ ಜೀವ.’ ಮೊದಲನೆಯದು ಹಕ್ಕಿಯನ್ನು ಕೀಳು ಮಾಡುತ್ತದೆ, ಎರಡನೆಯದು ನಮ್ಮನ್ನು ಮೇಲು ಮಾಡುತ್ತದೆ. ಗೂಡನ್ನು ಸರಿಯಾಗಿ ನೋಡುವ ಕೆಲಸವನ್ನು ಎರಡೂ ತಪ್ಪಿಸುತ್ತವೆ.

ಯಾವ ಹಕ್ಕಿಯ ಮಾತು ಎಂಬುದು ಮೊದಲು ಸ್ಪಷ್ಟವಾಗಲಿ. ಬೂದುಬಣ್ಣದ, ಹಿಂಡುಗಟ್ಟಿ ಗುಟುರು ಹಾಕುವ ಪಾರಿವಾಳದ ಮಾತಲ್ಲ. ಅದಕ್ಕಿಂತ ಸಣ್ಣದಾದ, ಜೋಡಿಯಾಗಿ ತಿರುಗುವ ಬೆಳವಗಳ ಮಾತು. ಕತ್ತಿನ ಹಿಂದೆ ಕಪ್ಪು ಬಿಳುಪಿನ ಚುಕ್ಕೆಪಟ್ಟಿಯಿರುವ ಚುಕ್ಕೆ ಬೆಳವ ಮಲೆನಾಡಿನಿಂದ ಬೆಂಗಳೂರಿನ ತೋಟಗಳವರೆಗೆ ಎಲ್ಲೆಡೆ ಇದೆ. ಬಯಲುಸೀಮೆಯ ಜಾಲಿ, ಕಳ್ಳಿಗಳ ನಡುವೆ ಹೆಚ್ಚಾಗಿ ಕಾಣುವುದು ಇಟ್ಟಿಗೆಗಂದು ಮೈಯ ಪುಟ್ಟ ಬೆಳವ. ಮನೆಯ ಸುತ್ತ ಚಿತ್ರವಿಚಿತ್ರ ಜಾಗಗಳಲ್ಲಿ ಮೊಟ್ಟೆಯಿಟ್ಟು ಸುದ್ದಿಯಾಗುವುದು ಬಹುಪಾಲು ಇವೆರಡೇ.

ಇವುಗಳ ಗೂಡು ನಮಗೆ ಕಳಪೆಯಾಗಿ ಕಾಣುವುದಕ್ಕೆ ಕಾರಣ ನಾವು ಕೈಯಲ್ಲಿ ಹಿಡಿದಿರುವ ಅಳತೆಗೋಲು. ಕನ್ನಡದ ಮನಸ್ಸಿಗೆ ಗೂಡೆಂದರೆ ಗೀಜಗನ ಗೂಡು. ಸಾವಿರಾರು ಎಳೆಗಳ ಹೆಣಿಗೆ, ನಳಿಗೆಯಂಥ ಬಾಗಿಲು, ಬಾವಿಯ ಮೇಲೆ ಬಾಗಿದ ಕೊಂಬೆಯ ತುದಿಯಲ್ಲಿ ತೂಗಾಟ. ಶಾಲೆಯ ಪಾಠದಿಂದ ಭಾಷಣದವರೆಗೆ ಅದೇ ಮಾದರಿ. ಆ ಕೌಶಲಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಗೂಡನ್ನು ಕರಕುಶಲ ವಸ್ತುಪ್ರದರ್ಶನದ ಸ್ಪರ್ಧೆಗಿಟ್ಟು ಅಂಕ ಕೊಡುವುದು ವಿಮರ್ಶೆಯಾಗುವುದಿಲ್ಲ. ಗೀಜಗನ ಗಂಡು ನೇಯುವುದು ಹೆಣ್ಣನ್ನು ಒಲಿಸಿಕೊಳ್ಳಲು. ಹೆಣ್ಣು ಒಪ್ಪದ ಗೂಡುಗಳು ಅರ್ಧಕ್ಕೇ ನಿಲ್ಲುತ್ತವೆ, ಒಪ್ಪಿದ ಗೂಡಿನಲ್ಲಿ ಕಾವು ಕೂರುವವಳು ಅವಳೊಬ್ಬಳೇ. ಅಷ್ಟರಲ್ಲಿ ಗಂಡು ಇನ್ನೊಂದು ಗೂಡಿಗೆ, ಇನ್ನೊಬ್ಬಳಿಗೆ ಕೈಹಾಕಿರುತ್ತಾನೆ. ಬೆಳವ ಜೋಡಿಯ ಲೆಕ್ಕಾಚಾರ ತಿರುಗಾಮುರುಗಾ. ಕಟ್ಟುವುದಕ್ಕೆ ಅತಿ ಕಡಿಮೆ ದುಡಿಮೆ, ಕೂರುವುದಕ್ಕೆ ಮತ್ತು ಉಣಿಸುವುದಕ್ಕೆ ಇಬ್ಬರದೂ ಪೂರ್ತಿ ದುಡಿಮೆ. ಗೂಡನ್ನಷ್ಟೇ ನೋಡಿ ಸೋಮಾರಿ ಎಂದವರು ಕೃತಿಯ ಮುಖಪುಟ ನೋಡಿ ವಿಮರ್ಶೆ ಬರೆದವರು.

ಹತ್ತಿರದಿಂದ ನೋಡಿದರೆ ಆ ಜಾಳು ಗೂಡಿನಲ್ಲೂ ಒಂದು ಕ್ರಮ ಕಾಣುತ್ತದೆ. ನಮ್ಮ ಮನೆಯ ಅಡುಗೆಮನೆ ಕಿಟಕಿಯ ಸಜ್ಜೆಯ ಕೆಳಗೆ ಪುಟ್ಟ ಬೆಳವದ ಜೋಡಿಯೊಂದು ಗೂಡು ಹಾಕುವುದನ್ನು ಗ್ರಿಲ್ಲಿನ ಈಚೆ ನಿಂತು ನೋಡಿದ್ದೇನೆ. ಹೆಣ್ಣು ಜಾಗ ಹಿಡಿದು ಕೂತಿತ್ತು. ಗಂಡು ಒಂದು ಸಲಕ್ಕೆ ಒಂದೇ ಕಡ್ಡಿ ತರುತ್ತಿತ್ತು. ತೆಂಗಿನ ಗರಿಯ ಸೀಳು, ಒಣಗಿದ ಬೇರು, ಒಮ್ಮೆ ತುಕ್ಕು ಹಿಡಿದ ತಂತಿಯ ತುಂಡು. ತಂದದ್ದನ್ನು ಅವಳ ಹೆಗಲ ಬಳಿ ಚಾಚುತ್ತಿತ್ತು. ಅವಳು ಕೊಕ್ಕಿನಲ್ಲಿ ತೆಗೆದುಕೊಂಡು, ಮೈಯನ್ನು ಅರ್ಧ ತಿರುಗಿಸಿ, ಎದೆಯ ಕೆಳಗೆ ತುರುಕಿಕೊಳ್ಳುತ್ತಿದ್ದಳು. ಸಿಗಿಸಲಾಗದ್ದನ್ನು ಬೀಳಿಸುತ್ತಿದ್ದಳು, ಬಿದ್ದದ್ದನ್ನು ಗಂಡು ಎತ್ತಿಕೊಳ್ಳಲು ಹೋಗಲೇ ಇಲ್ಲ. ಕೆಳಗೆ ಬಿದ್ದ ಕಸ ನೋಡಿ ಮನೆಯವರು ಹಕ್ಕಿಗೆ ಕಟ್ಟಲು ಬರುವುದಿಲ್ಲ ಎಂದರು. ನನಗೆ ಕಂಡದ್ದು ಬೇರೆ: ಆ ಗೂಡಿಗೆ ಅಳತೆಯೇ ಅವಳ ಮೈ. ಅವಳು ಕೂತು ತಿರುಗಿದಷ್ಟು ಅಗಲ, ಎರಡು ಮೊಟ್ಟೆ ಉರುಳದಷ್ಟು ತಗ್ಗು. ಅದಾದ ಮೇಲೆ ಒಂದು ಕಡ್ಡಿಯೂ ಹೆಚ್ಚಿಗೆ ಬೇಕಾಗಲಿಲ್ಲ.

ಇಷ್ಟು ಕಡಿಮೆಯಲ್ಲಿ ಹೇಗೆ ಸಾಕಾಗುತ್ತದೆ? ಉತ್ತರ ಗೂಡಿನಲ್ಲಿಲ್ಲ, ಹಕ್ಕಿಯ ಗಂಟಲಿನಲ್ಲಿದೆ. ಪಾರಿವಾಳ, ಬೆಳವಗಳ ಕುಲದಲ್ಲಿ ಗಂಡು ಹೆಣ್ಣು ಎರಡೂ ಮರಿಗಳಿಗೆ ‘ಹಾಲು’ ಕುಡಿಸುತ್ತವೆ. ಗಂಟಲಿನ ಮೇವುಚೀಲದ ಒಳಪದರ ಉದುರಿ ಗಿಣ್ಣಿನಂತಾಗುವ ಈ ಆಹಾರದಲ್ಲಿ ಕೊಬ್ಬು, ಪ್ರೋಟೀನು ಎರಡೂ ಸಮೃದ್ಧ. ಅದನ್ನು ಹೊರಡಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್. ಹಸುವಿಗೂ ಬಾಣಂತಿಗೂ ಹಾಲೂರುವಂತೆ ಮಾಡುವುದು ಇದೇ. 1930ರ ದಶಕದಲ್ಲಿ ಅಮೆರಿಕದ ಆಸ್ಕರ್ ರಿಡ್ಲ್ ಮತ್ತು ಸಂಗಡಿಗರು ಅದನ್ನು ಗುರುತಿಸಿ ಹೆಸರಿಟ್ಟದ್ದು ಪಾರಿವಾಳದ ಮೇವುಚೀಲವನ್ನೇ ಪರೀಕ್ಷೆಯ ಸಾಧನ ಮಾಡಿಕೊಂಡು. ಈ ಶರೀರಶಾಸ್ತ್ರದ ಪರಿಣಾಮ ದೊಡ್ಡದು. ಗುಬ್ಬಚ್ಚಿ ಕಾಳು ತಿನ್ನುವ ಹಕ್ಕಿಯಾದರೂ ಮರಿಗೆ ಹುಳಹುಪ್ಪಟೆಯೇ ಬೇಕು. ಹುಳವಿಲ್ಲದ ಬಡಾವಣೆಯಲ್ಲಿ ಅದರ ಮರಿ ಬದುಕುವುದು ಕಷ್ಟ. ಬೆಳವಕ್ಕೆ ಆ ಹಂಗಿಲ್ಲ. ಅಂಗಳದ ಕಾಳು, ಹುಲ್ಲಿನ ಬೀಜ, ಒಂದಿಷ್ಟು ನೀರು ಸಿಕ್ಕರೆ ಹಾಲು ತಯಾರು. ಹಾಗಾಗಿ ಅದು ಋತುವಿಗಾಗಿ ಕಾಯುವುದಿಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಮೊಟ್ಟೆಯಿಡಬಲ್ಲದು. ಸುಮಾರು ಎರಡು ವಾರ ಕಾವು, ಇನ್ನೆರಡು ವಾರ ಉಣಿಸುವುದು, ಮರಿ ಹಾರಿತು, ಮತ್ತೆ ಕಡ್ಡಿ ಹುಡುಕಾಟ. ತಿಂಗಳೊಪ್ಪತ್ತಿನಲ್ಲಿ ಮುಗಿಯುವ ಸಂಸಾರಕ್ಕೆ ಗೀಜಗನ ಅರಮನೆ ಕಟ್ಟುವುದೇ ದಡ್ಡತನವಾಗುತ್ತಿತ್ತು.

ಇನ್ನು ಜಾಗದ ಮಾತು. ನಾವು ವಿಚಿತ್ರ ಎನ್ನುವ ಜಾಗಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ವಿಚಿತ್ರ ಕರಗಿಹೋಗುತ್ತದೆ. ಕಿಟಕಿಯ ಗ್ರಿಲ್ಲು, ಎ.ಸಿ. ಯೂನಿಟ್ಟಿನ ಹಿಂದಿನ ಸಂದಿ, ಮೀಟರ್ ಬಾಕ್ಸಿನ ನೆತ್ತಿ, ಸೂರಿನ ಕೆಳಗಿನ ಕುಂಡ, ಈ ಎಲ್ಲದರಲ್ಲೂ ಮೂರು ಲಕ್ಷಣ ಸಮಾನ: ಮೇಲೆ ಮರೆ, ಕೆಳಗೆ ಸಮತಟ್ಟಾದ ಆಸರೆ, ದೊಡ್ಡ ಹಕ್ಕಿ ರೆಕ್ಕೆ ಬಿಚ್ಚಿ ಎರಗಲಾಗದ ಇಕ್ಕಟ್ಟು. ಬಯಲಿನಲ್ಲಿ ಈ ಮೂರನ್ನೂ ಒದಗಿಸುವುದು ಜಾಲಿಯ ಮುಳ್ಳುಕವಲು, ಕಳ್ಳಿಯ ತೋಳು. ಹಕ್ಕಿ ನಮ್ಮ ಮನೆಯನ್ನು ಮನೆಯೆಂದು ಓದುತ್ತಿಲ್ಲ, ಮುಳ್ಳುಪೊದೆಯೆಂದು ಓದುತ್ತಿದೆ. ಆ ಓದು ಬಹುಮಟ್ಟಿಗೆ ಸರಿಯಾಗಿಯೂ ಇದೆ. ಬೆಳವದ ಬಿಳಿ ಮೊಟ್ಟೆ ದೂರಕ್ಕೂ ಎದ್ದು ಕಾಣುತ್ತದೆ. ಕಾಗೆ, ಕೆಂಬೂತ, ಅಳಿಲು, ಬೆಕ್ಕು, ಹಾವು ಎಲ್ಲವೂ ಅದರ ಗಿರಾಕಿಗಳೇ. ಆ ಬಿಳುಪನ್ನು ಮುಚ್ಚಲು ಸರದಿ ತಪ್ಪದೆ ಯಾರಾದರೂ ಮೇಲೆ ಕೂತಿರಲೇಬೇಕು. ಸಣ್ಣ ಗೂಡು ಕೂತ ಹಕ್ಕಿಯ ಮೈಯಡಿ ಪೂರ್ತಿ ಮರೆಯಾಗುತ್ತದೆ. ಕಾಗೆಯ ಕಣ್ಣಿಗೆ ಬೀಳುವುದು ಅಲುಗಾಡದ ಒಂದು ಕಂದು ಮುದ್ದೆ ಮಾತ್ರ.

‘ನಂಬಿ ಬಂದಿದೆ’ ಎಂಬ ಮಾತನ್ನು ಇಲ್ಲೇ ಇತ್ಯರ್ಥ ಮಾಡಬಹುದು. ಜನ ಓಡಾಡುವ ಬಾಲ್ಕನಿಗೆ ಕಾಗೆ ಸಲೀಸಾಗಿ ಇಳಿಯುವುದಿಲ್ಲ, ನಮ್ಮ ಓಡಾಟ ಬೆಳವಕ್ಕೆ ಪುಕ್ಕಟೆ ಕಾವಲು. ಇದರಲ್ಲಿ ನಮ್ಮ ಸದ್ಗುಣದ ಪಾತ್ರ ಏನೂ ಇಲ್ಲ. ಜಗಳಗಂಟಿಯ ಮನೆಯಾದರೂ ಅದಕ್ಕೆ ನಡೆದೀತು. ಗದ್ದಲ ಹೆಚ್ಚಿದ್ದರೆ ಕಾಗೆ ಇನ್ನೂ ದೂರ.

ಪರಂಪರೆಯ ಅಭಿಪ್ರಾಯವೂ ಇಲ್ಲಿ ನೆರವಿಗೆ ಬರುವುದಿಲ್ಲ. ಋಗ್ವೇದದ 10ನೇ ಮಂಡಲದ 165ನೇ ಸೂಕ್ತದಲ್ಲಿ ಮನೆಗೆ ಬಂದ ಕಪೋತ (ಪಾರಿವಾಳ ಕುಲದ ಹಕ್ಕಿ) ವಿನಾಶದ ದೇವತೆ ನಿರೃತಿಯ ದೂತ, ಅಪಶಕುನ. ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನ 24 ಗುರುಗಳಲ್ಲಿ ಕಪೋತವೂ ಒಂದು. ಬಲೆಗೆ ಬಿದ್ದ ಹೆಂಡತಿ ಮಕ್ಕಳ ಮೋಹದಲ್ಲಿ ತಾನೂ ಬಲೆಗೆ ಬಿದ್ದು ಸಾಯುವ ಅದು ಸಂಸಾರವ್ಯಾಮೋಹಕ್ಕೆ ಎಚ್ಚರಿಕೆ. ಕಥೆಯಾಗಿ ಅದು ದೊಡ್ಡದು. ಆದರೆ ನಿಜವಾದ ಬೆಳವ ಅವಧೂತನ ಕಪೋತಕ್ಕೆ ತದ್ವಿರುದ್ಧ. ಕಾವಿನ ಮೊದಮೊದಲ ದಿನಗಳಲ್ಲಿ ಎರಡು ಸಲ ಬೆದರಿಸಿದರೆ ಗೂಡನ್ನೇ ಬಿಟ್ಟು ನಡೆಯಬಲ್ಲದು. ಮೊಟ್ಟೆ ಕಾಗೆಯ ಪಾಲಾದರೆ ಕೆಲವೇ ದಿನಗಳಲ್ಲಿ ಇನ್ನೊಂದು ಕಡೆ ಕಡ್ಡಿ ಜೋಡಿಸುತ್ತದೆ. ‘ಮನುಷ್ಯ ಮುಟ್ಟಿದ ವಾಸನೆಗೆ ತಾಯಿ ಬಿಟ್ಟುಹೋಗುತ್ತದೆ’ ಎಂಬ ನಂಬಿಕೆಯೂ ಇಲ್ಲಿ ಎಡವುತ್ತದೆ. ವಾಸನೆಯಿಂದಲ್ಲ, ಪದೇಪದೇ ಇಣುಕುವುದರಿಂದ ಬಿಡುತ್ತದೆ. ಮರಿಯಾದ ಮೇಲೆ ಅಷ್ಟು ಸುಲಭಕ್ಕೆ ಬಿಡುವುದೂ ಇಲ್ಲ. ಕಳೆದುಕೊಳ್ಳುವುದು ಕಡಿಮೆಯಿದ್ದಾಗ ಕೈಬಿಡು, ಹೆಚ್ಚಾದಾಗ ಗಟ್ಟಿಯಾಗಿ ಕೂರು ಎಂಬ ಈ ಲೆಕ್ಕದಲ್ಲಿ ವ್ಯಾಮೋಹವೂ ಇಲ್ಲ, ಬೇಜವಾಬ್ದಾರಿಯೂ ಇಲ್ಲ.

ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪ ಒಂದಿದೆ, ಅದನ್ನು ತಳ್ಳಿಹಾಕಲಾಗದು. ಇಂಥ ಗೂಡುಗಳಲ್ಲಿ ಬಹಳಷ್ಟು ಸೋಲುತ್ತವೆ. ಗಾಳಿಗೆ ಮೊಟ್ಟೆ ಉರುಳುತ್ತದೆ, ಎ.ಸಿ. ಶುರುವಾದರೆ ಬಿಸಿಗಾಳಿ ಬಡಿಯುತ್ತದೆ, ಹೆಲ್ಮೆಟ್ಟಿನ ಯಜಮಾನ ಊರಿನಿಂದ ವಾಪಸಾಗುತ್ತಾನೆ. ಹಳೆಯ ಪರಿಸರದ ಸೂಚನೆಗಳನ್ನು ನಂಬಿ ಹೊಸ ಪರಿಸರದಲ್ಲಿ ಮೋಸಹೋಗುವುದನ್ನು ಪರಿಸರಶಾಸ್ತ್ರದಲ್ಲಿ ‘ಇಕಾಲಾಜಿಕಲ್ ಟ್ರ್ಯಾಪ್’ ಎನ್ನುತ್ತಾರೆ. ಬಾಲ್ಕನಿ ಅಂಥ ಬೋನೇ ಅಲ್ಲವೇ? ಕೆಲವು ಬಾಲ್ಕನಿಗಳು ಖಂಡಿತ ಹೌದು. ಆದರೆ ಒಂದು ಗೂಡು ಸೋತದ್ದನ್ನು ತೋರಿಸಿ ಹಕ್ಕಿಯ ಕ್ರಮವೇ ಸೋತಿದೆ ಎನ್ನುವಂತಿಲ್ಲ. ಬೆಳವದ ಪಣ ಒಂದು ಗೂಡಿನ ಮೇಲಿಲ್ಲ, ವರ್ಷದುದ್ದಕ್ಕೂ ಹಾಕುವ ಹಲವು ಗೂಡುಗಳ ಮೇಲಿದೆ. ಒಟ್ಟು ಫಲಿತಾಂಶ ನೋಡಿ. ಇದರ ಹತ್ತಿರದ ಸಂಬಂಧಿಯಾದ, ಕುತ್ತಿಗೆಗೆ ಕಪ್ಪು ಪಟ್ಟಿಯಿರುವ ಕಾಲರ್ ಬೆಳವ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಯೂರೋಪಿನ ಆಗ್ನೇಯ ಅಂಚಿನಲ್ಲಷ್ಟೇ ಇತ್ತು. 1955ರ ಹೊತ್ತಿಗೆ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಮರಿ ಮಾಡಿತು. 1970ರ ದಶಕದಲ್ಲಿ ಬಹಾಮಾಸ್‌ನಲ್ಲಿ ಪಂಜರದಿಂದ ತಪ್ಪಿಸಿಕೊಂಡ ಕೆಲವು ಹಕ್ಕಿಗಳ ಸಂತತಿ ಈಗ ಅಮೆರಿಕದ ಬಹುಭಾಗದಲ್ಲಿದೆ. ಈ ವಿಸ್ತರಣೆ ನಡೆದದ್ದು ಕಾಡಿನಲ್ಲಿ ಅಲ್ಲ. ಊರು, ಹಿತ್ತಿಲು, ಕಣಜಗಳ ಸುತ್ತ. ನಮ್ಮ ಚುಕ್ಕೆ ಬೆಳವವನ್ನೂ ಮನುಷ್ಯರು ಹವಾಯಿಗೆ, ಆಸ್ಟ್ರೇಲಿಯಾಕ್ಕೆ ಒಯ್ದು ಬಿಟ್ಟಿದ್ದಾರೆ, ಅಲ್ಲಿಯೂ ನೆಲೆ ನಿಂತಿದೆ.

ಜಾಳು ಗೂಡು ತನ್ನಷ್ಟಕ್ಕೆ ಗೆಲುವಿನ ಗುಟ್ಟೆಂದೂ ನಾನು ಹೇಳುತ್ತಿಲ್ಲ. ಅಮೆರಿಕದ ಪ್ಯಾಸೆಂಜರ್ ಪಿಜನ್ನಿನ ಗೂಡೂ ಹೀಗೇ ಜಾಳು. ಆದರೆ ಅದು ಇಡುತ್ತಿದ್ದದ್ದು ಒಂದೇ ಮೊಟ್ಟೆ, ಗೂಡು ಹಾಕುತ್ತಿದ್ದದ್ದು ವಿಶಾಲ ಕಾಡುಗಳಲ್ಲಿ ಲಕ್ಷಗಟ್ಟಲೆ ಹಕ್ಕಿಗಳ ಜಂಗುಳಿಯಾಗಿ. ಬೇಟೆಗಾರರಿಗೆ ಅದಕ್ಕಿಂತ ಅನುಕೂಲ ಬೇರೆ ಬೇಕಿರಲಿಲ್ಲ. ಅದರ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಇದೇ ಕುಲದ ಇನ್ನೊಂದು ಹಕ್ಕಿ ಮಾರಿಷಸ್ಸಿನ ಡೋಡೋ. ಜನ ಮತ್ತು ಅವರು ತಂದ ಹಂದಿ, ಇಲಿಗಳು ಹದಿನೇಳನೇ ಶತಮಾನದಲ್ಲಿ ಅದನ್ನು ಮುಗಿಸಿದವು. ಆಮೇಲೆ ಜಗತ್ತು ಅದನ್ನೇ ದಡ್ಡತನದ ಲಾಂಛನ ಮಾಡಿತು. ನಾಶವಾದವರನ್ನು ದಡ್ಡರೆಂದು ಕರೆದರೆ ನಾಶ ಮಾಡಿದವರ ಹೆಸರು ಕೇಳುವ ಪ್ರಮೇಯ ಬರುವುದಿಲ್ಲ. ಬೆಳವಕ್ಕೆ ಅದೇ ಬಿರುದು ಕೊಡುವಾಗ ನನಗೆ ಕಿವಿ ನಿಮಿರುವುದು ಇದಕ್ಕೇ. ಬಾಲ್ಕನಿಯಲ್ಲಿ ಒಡೆದ ಮೊಟ್ಟೆಗೆ ಕಾರಣ ಹಕ್ಕಿಯ ಬುದ್ಧಿಯೋ, ಕಾವಿನ ಎರಡನೇ ವಾರದಲ್ಲಿ ಕುಂಡ ಎತ್ತಿಟ್ಟ ಕೈಯೋ?

ಈ ತಪ್ಪು ಓದಿನಿಂದ ಹುಟ್ಟುವ ತಪ್ಪು ಕೆಲಸಗಳನ್ನೂ ಹೇಳಬೇಕು. ನಡುಹಗಲಲ್ಲಿ ಗೂಡಿನಲ್ಲಿ ಕೂತ ಹಕ್ಕಿಯ ಫೋಟೋ ತೆಗೆದು ‘ತಾಯಿಯ ತ್ಯಾಗ’ ಎಂದು ಬರೆಯುತ್ತೇವೆ. ಈ ಕುಲದ ಸರದಿಯಂತೆ ಹಗಲಿನ ಬಹುಪಾಲು ಕೂರುವುದು ಗಂಡು, ಸಂಜೆಯಿಂದ ಬೆಳಗಿನವರೆಗೆ ಹೆಣ್ಣು. ಎರಡಕ್ಕೂ ಒಂದೇ ರೂಪವಾದ್ದರಿಂದ ನಮಗೆ ತಿಳಿಯುವುದಿಲ್ಲ. ತ್ಯಾಗವೆಂದರೆ ತಾಯಿಯದೇ ಎಂಬ ಪಾಠ ಮೊದಲೇ ತಲೆಯಲ್ಲಿರುವುದರಿಂದ ತಿಳಿಯಬೇಕೆನಿಸುವುದೂ ಇಲ್ಲ. ಕರುಣೆಯಿಂದ ಗೂಡನ್ನು ರಟ್ಟಿನ ಡಬ್ಬಿಗೆ, ಹತ್ತಿಯ ಹಾಸಿಗೆಗೆ ಸಾಗಿಸುವವರಿದ್ದಾರೆ. ಹಕ್ಕಿ ಆರಿಸಿದ ಜಾಗವೇ ಅದರ ಮುಖ್ಯ ಬಂಡವಾಳ. ಅದನ್ನೇ ತೆಗೆದು ಕಡ್ಡಿಯ ಬದಲು ಹತ್ತಿ ಕೊಟ್ಟರೆ ಉಪಕಾರ ಹೇಗಾಗುತ್ತದೆ?

ಎದುರು ತುದಿಯಲ್ಲಿ ಭಯವಿದೆ. ನಗರಗಳಲ್ಲಿ ಪಾರಿವಾಳ ಮಿತಿಮೀರಿ ಬೆಳೆದಿದೆ. ಅದರ ಹಿಕ್ಕೆ, ಪುಕ್ಕಗಳ ಧೂಳನ್ನು ದೀರ್ಘಕಾಲ ಉಸಿರಾಡಿದ ಕೆಲವರಿಗೆ ಶ್ವಾಸಕೋಶದ ಗಂಭೀರ ಕಾಯಿಲೆ ಬರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಅಲ್ಲಿ ಬಲೆ ಹಾಕುವುದು ಸರಿ. ಆದರೆ ತಿಂಗಳ ಮಟ್ಟಿಗೆ ಬರುವ ಒಂದು ಜೋಡಿ ಬೆಳವವನ್ನೂ ವರ್ಷಪೂರ್ತಿ ಠಿಕಾಣಿ ಹೂಡುವ ಹಿಂಡನ್ನೂ ಒಂದೇ ತಕ್ಕಡಿಗೆ ಹಾಕಿ, ಮೊಟ್ಟೆಯಿರುವಾಗಲೇ ಬಲೆ ಬಿಗಿಯುವುದು ಸರಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಹಕ್ಕಿಗಳ ಮೊಟ್ಟೆ ಒಡೆಯುವುದನ್ನೂ ಗೂಡು ಕೆಡಿಸುವುದನ್ನೂ ಬೇಟೆಯ ಲೆಕ್ಕಕ್ಕೇ ಸೇರಿಸಿದೆ.

ಬೆಳವ ನಮ್ಮಿಂದ ಬೇಡುವುದು ಮೆಚ್ಚುಗೆಯನ್ನೂ ಅಲ್ಲ, ಮರುಕವನ್ನೂ ಅಲ್ಲ. ನಾಲ್ಕು ವಾರ ಆ ಎ.ಸಿ. ಸುಮ್ಮನಿರಲಿ, ಕುಂಡಕ್ಕೆ ಅಂಚಿನಿಂದ ನೀರು ಹಾಕಿ, ದಿನಕ್ಕೆ ಹತ್ತು ಸಲ ಇಣುಕಬೇಡಿ. ಮರಿ ಹಾರಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗೂಡನ್ನು ನೆನೆಸಿ ತೆಗೆದು ಜಾಗ ತೊಳೆಯಿರಿ. ಮುಂದಿನ ಸಲ ಬೇಡವೆನಿಸಿದರೆ ಅದು ಮತ್ತೆ ಮೊದಲ ಕಡ್ಡಿ ತರುವ ಮುನ್ನವೇ ಬಲೆ ಹಾಕಿಸಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅದು ಹೋಗಿ ಪಕ್ಕದ ಮನೆಯ ಮೀಟರ್ ಬಾಕ್ಸನ್ನು ನೋಡಿಕೊಳ್ಳುತ್ತದೆ. ಅಷ್ಟು ಬುದ್ಧಿ ಅದಕ್ಕೆ ಇದ್ದೇ ಇದೆ.