ಬಾಗಿಲಲ್ಲಿ ನಿಂತ ಅತಿಥಿ

ಮನೆಗೆ ಬಂದವರನ್ನು ಹೇಗೆ ಕಾಣಬೇಕೆಂಬುದನ್ನು ಕುರಿತು ಬಸವಣ್ಣನವರು ನುಡಿದ ವಚನವೊಂದು ನಿಮ್ಮಲ್ಲಿ ಬಹುಜನರಿಗೆ ಕಂಠಸ್ಥವಾಗಿರುತ್ತದೆ. ಬಂದವರ ಕ್ಷೇಮವನ್ನು ವಿಚಾರಿಸುವುದು, ಕುಳಿತುಕೊಳ್ಳಿರೆನ್ನುವುದು, ತಡಮಾಡದೆ ಮಾತನಾಡಿಸುವುದು, ಈ ಮೂರನ್ನು ಮಾತ್ರ ಅದು ಕೇಳುತ್ತದೆ. ಅಡುಗೆಯ ಪ್ರಸ್ತಾಪವೇ ಅದರಲ್ಲಿಲ್ಲ. ಕೊಡುವುದಕ್ಕೆ ಏನೂ ಇಲ್ಲದವನಿಂದಲೂ ಆಗುವಂಥವು ಇವು. ಇಷ್ಟನ್ನೂ ಮಾಡದವನಿಗೆ ವಚನವು ವಿಧಿಸುವ ದಂಡನೆಯಾದರೋ ಅತಿ ಘೋರವಾದುದು. ಪಾಠ ಹೇಳುವವರು ಈ ಘೋರತೆಯನ್ನು ಮೆಲ್ಲಗೆ ಮರೆಮಾಚಿ, ವಚನವನ್ನು ಮಕ್ಕಳ ಶಿಷ್ಟಾಚಾರದ ಪಾಠವನ್ನಾಗಿ ಮಾಡಿಬಿಟ್ಟಿದ್ದಾರೆ. ಇದು ನಮಗೆ ಒಪ್ಪಿಗೆಯಾಗದು. ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು, ಮಹಾಮನೆಯನ್ನು ನಡೆಸಿದವರು ಆಡಿದ ಮಾತು ಅದು. ಅನ್ನವು ಸಮೃದ್ಧವಾಗಿರುವ ಮನೆಯಲ್ಲಿಯೇ ಮಾತಿಗೆ ಬರಗಾಲ ಬರುತ್ತದೆಂಬುದನ್ನು ಬಲ್ಲವರಿಗಲ್ಲದೆ ಆ ಕಾಠಿಣ್ಯ ಬರಲಾರದು.

ಈ ಮಾತಿಗೆ ಆಧಾರವನ್ನು ಶೂನ್ಯಸಂಪಾದನೆಯಲ್ಲಿ ನೋಡಬೇಕು. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲ್ಗೊಂಡು ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ನಾಲ್ವರು ಪರಿಷ್ಕರಿಸಿದ ಈ ಮಹಾಗ್ರಂಥವನ್ನು ವಿದ್ವಾಂಸರು ತತ್ತ್ವಗ್ರಂಥವೆಂದೇ ಓದುತ್ತ ಬಂದಿದ್ದಾರೆ. ವಿಶ್ವವಿದ್ಯಾಲಯದ ತರಗತಿಗಳಲ್ಲಿ ನಾವು ಕೇಳಿದ್ದೂ ಅದನ್ನೇ. ಅದು ಅತಿಥಿಸತ್ಕಾರದ ಗ್ರಂಥವೂ ಹೌದೆಂದು ಯಾರೂ ಹೇಳಲಿಲ್ಲ. ಪ್ರಭುದೇವರು ಸಿದ್ಧರಾಮರೊಡನೆ ಕಲ್ಯಾಣಕ್ಕೆ ಬಂದು ಮಹಾಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಬಸವಣ್ಣನವರು ಆಗ ಇಷ್ಟಲಿಂಗಪೂಜೆಯಲ್ಲಿದ್ದಾರೆ. ಹಡಪದ ಅಪ್ಪಣ್ಣನನ್ನು ಕಳುಹಿಸಿ ಕರೆಸುತ್ತಾರೆ. ಪ್ರಭುದೇವರು ಒಳಗೆ ಬರುವುದಿಲ್ಲ. ಕಡೆಗೆ ಚೆನ್ನಬಸವಣ್ಣನವರು ಎಚ್ಚರಿಸಿದ ಮೇಲೆ ಬಸವಣ್ಣನವರು ಪೂಜೆಯಿಂದೆದ್ದು ತಾವೇ ಹೊರಗೆ ಬರಬೇಕಾಗುತ್ತದೆ.

ಇಲ್ಲಿ ಸ್ಥಾವರ-ಜಂಗಮ ಭೇದದ ಜಿಜ್ಞಾಸೆ ಇದೆಯೆಂಬುದು ಸತ್ಯ. ಆದರೆ ಕಥೆಯ ನೇರವಾದ ಅರ್ಥವನ್ನು ಬಿಟ್ಟು ಗೂಢಾರ್ಥಕ್ಕೆ ಹಾರುವ ಆತುರವೇಕೆ? ಯಜಮಾನನು ತಾನು ಬರದೆ ಇನ್ನೊಬ್ಬನ ಕೈಯಲ್ಲಿ ಕರೆ ಕಳುಹಿಸಿದನು, ಅತಿಥಿ ಒಲ್ಲೆನೆಂದನು. ಕೈಯಲ್ಲಿದ್ದ ಕೆಲಸ ಹೀನವಾದುದಾಗಿದ್ದರೆ ಪ್ರಸಂಗಕ್ಕೆ ಈ ತೂಕ ಬರುತ್ತಿರಲಿಲ್ಲ. ಪೂಜೆಯಂತಹ ಪೂಜೆಯೇ ಬಾಗಿಲಲ್ಲಿ ನಿಂತವನಿಗೆ ಅಡ್ಡವಾಯಿತು.

ಮುಂದೆ ಬರುವ ಪ್ರಭುದೇವರ ಆರೋಗಣೆಯ ಪ್ರಸಂಗವೂ ಹೀಗೆಯೇ. ಜಂಗಮ ಸಮೂಹಕ್ಕೆಂದು ಮಾಡಿದ ಅಡುಗೆಯೆಲ್ಲ ತೀರಿದರೂ ಅತಿಥಿಗೆ ತೃಪ್ತಿಯಿಲ್ಲ. ಬಸವಣ್ಣನವರು ತಮ್ಮನ್ನೇ ಅರ್ಪಿಸಿಕೊಂಡಾಗ ತೃಪ್ತಿಯಾಗುತ್ತದೆ.

ಇನ್ನು ಆಯ್ದಕ್ಕಿ ದಂಪತಿಗಳು. ಇವರು ನಮ್ಮ ನೆರೆಯವರೇ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾರೆಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸುತ್ತಾಳೆ. ಅದೇ ಲಕ್ಕಮ್ಮನ ಗುಡಿಸಲಿಗೆ ಬಸವಣ್ಣನವರೂ 1,96,000 ಜಂಗಮರೂ ಪ್ರಸಾದಕ್ಕೆ ಬಂದು ತೃಪ್ತರಾಗುತ್ತಾರೆ. ಆ ಸಂಖ್ಯೆಯನ್ನು ಲೆಕ್ಕಿಗನಂತೆ ಎಣಿಸಬೇಕಾಗಿಲ್ಲ. ಹೆಚ್ಚಿನ ಅಕ್ಕಿಯನ್ನು ಮರಳಿಸಿದವಳನ್ನೇ ಅಷ್ಟು ಜನರಿಗೆ ಉಣಿಸುವವಳನ್ನಾಗಿ ಮಾಡಿದ ಕಥನಕ್ರಮವು ಗಮನಾರ್ಹವಾದುದು. ಮಹಾಮನೆಯ ಬಾಗಿಲಲ್ಲಿ ಸಿಗದಿದ್ದುದು ಈ ಗುಡಿಸಲಲ್ಲಿ ಸಿಕ್ಕಿತು. ಇಲ್ಲಿ ಕರೆಯುವವಳೂ ಬಡಿಸುವವಳೂ ಒಬ್ಬಳೇ.

ಇದೆಲ್ಲ ಹಳೆಯ ಪುಸ್ತಕದ ಮಾತೆನ್ನುವವರು ಎಳ್ಳಮಾವಾಸ್ಯೆಯ ದಿನ ನಮ್ಮ ಗುರುಮಠಕಲ್ ಸೀಮೆಗೆ ಬರಬೇಕು. ಒಕ್ಕಲಿಗನು ಆ ದಿನ ಪೇಟೆಯ ಪರಿಚಿತರನ್ನು, ಶಾಲೆಯ ಮಾಸ್ತರರನ್ನು, ಅಂಗಡಿಯ ಸಾಹುಕಾರನನ್ನು, ಗೆಳೆಯನಾದ ಮುಸಲ್ಮಾನನನ್ನು, ಗಡಿಯಾಚೆಯ ತೆಲುಗು ಬೀಗರನ್ನು ಹೊಲಕ್ಕೆ ಕರೆಯುತ್ತಾನೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆದು ನಿಂತ ಬಿಳಿಜೋಳದ ನಡುವೆ ಚರಗ ಚೆಲ್ಲುತ್ತಾನೆ. ಮೊದಲ ಊಟ ಭೂಮಿತಾಯಿಯದು. ಬಳಿಕ ಎಲ್ಲರೂ ನೆಲದ ಮೇಲೆಯೇ ಕುಳಿತು ಸಜ್ಜೆ ರೊಟ್ಟಿ, ಕಡುಬು, ಅಂಬಲಿಗಳನ್ನು, ಹಸಿಕಾಳು-ಸೊಪ್ಪುಗಳನ್ನೆಲ್ಲ ಕೂಡಿಸಿ ಬೇಯಿಸಿದ ಭಜ್ಜಿಯನ್ನು ಉಣ್ಣುತ್ತಾರೆ. (ಭಜ್ಜಿಯೆಂದರೆ ಎಣ್ಣೆಯಲ್ಲಿ ಕರಿದದ್ದೆಂದು ದಕ್ಷಿಣದ ಭಕ್ತರು ತಿಳಿಯದಿರಲಿ.) ಅಲ್ಲಿ ವೇದಿಕೆಯಿಲ್ಲ, ಮುಂದಿನ ಸಾಲು ಹಿಂದಿನ ಸಾಲೆಂಬುದಿಲ್ಲ. ಮನೆಯಾಕೆಯು ಪ್ರತಿಯೊಬ್ಬರ ಮುಂದೆ ಬಂದು ಇನ್ನೊಂದು ರೊಟ್ಟಿಗೆ ಒತ್ತಾಯ ಮಾಡುತ್ತಾಳೆ; ಹೋದ ವರ್ಷ ಬಂದಾಗ ಕೈಯಲ್ಲಿದ್ದ ಕೂಸು ಈಗ ನಡೆಯುತ್ತದೆಯೇ ಎಂದು ಕೇಳುತ್ತಾಳೆ. ಒಮ್ಮೆ ಉಂಡು ಹೋದವರು ಮರುವರ್ಷ ಅಮಾವಾಸ್ಯೆ ಹತ್ತಿರವಾದೊಡನೆ ತಾವಾಗಿಯೇ ಬರುವ ದಿನವನ್ನು ವಿಚಾರಿಸುತ್ತಾರೆ. ಭಜ್ಜಿಯ ರುಚಿಯೂ ಅದಕ್ಕೊಂದು ಕಾರಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಅದೇ ಒಕ್ಕಲಿಗನು ಮಗಳ ಮದುವೆಯನ್ನು ಕಲ್ಯಾಣ ಮಂಟಪದಲ್ಲಿ ಮಾಡಿದಾಗ ಏನಾಗುತ್ತದೆ? ಸಾಲ ತಂದು ಇಪ್ಪತ್ತು ಬಗೆಯ ಭಕ್ಷ್ಯಗಳನ್ನು ಮಾಡಿಸುತ್ತಾನೆ. ಮುಹೂರ್ತದಿಂದ ಸಂಜೆಯವರೆಗೆ ವೇದಿಕೆಯ ಮೇಲೆ ಛಾಯಾಚಿತ್ರಗಾರನು ಹೇಳಿದಂತೆ ನಿಲ್ಲುತ್ತಾನೆ. ಬಂದವರು ಸರದಿಯಲ್ಲಿ ನಿಂತು, ಮುಯ್ಯಿ ಕೊಟ್ಟು, ತಟ್ಟೆ ಹಿಡಿದು ನಿಂತಲ್ಲಿಯೇ ತಿಂದು ಹೊರಡುತ್ತಾರೆ. ಯಾರು ಉಂಡರು, ಯಾರು ಹಸಿದು ಹೋದರು, ಅವನಿಗೆ ತಿಳಿಯದು. ಬಡಿಸುವವರು ಕೂಲಿಯವರು, ಕರೆದದ್ದು ಅಚ್ಚಾದ ಪತ್ರಿಕೆ. ಅಪ್ಪಣ್ಣನಾದರೂ ಶರಣನಾಗಿದ್ದನು, ಪತ್ರಿಕೆಗೆ ಬಾಯಿಯೂ ಇಲ್ಲ.

ಗೃಹಸ್ಥರನ್ನಷ್ಟೇ ಆಕ್ಷೇಪಿಸಿದರೆ ಅನ್ಯಾಯವಾದೀತು. ಜಾತ್ರೆಯ ದಿನ ಸಹಸ್ರಾರು ಜನ ಸಾಲಾಗಿ ಕುಳಿತು ಪ್ರಸಾದ ಸ್ವೀಕರಿಸುತ್ತಿರುವಾಗ, ಗಣ್ಯರಿಗೆಂದು ಒಳಕೋಣೆಯಲ್ಲಿ ಪ್ರತ್ಯೇಕ ಪಂಕ್ತಿಯನ್ನು ಏರ್ಪಡಿಸುವ ರೂಢಿ ಹಲವು ಮಠಗಳಲ್ಲಿ ಬಂದಿದೆ. ನೂಕುನುಗ್ಗಲಾಗುತ್ತದೆ, ಕಾವಲಿನವರು ಒಪ್ಪುವುದಿಲ್ಲವೆಂಬ ಸಮಾಧಾನಗಳನ್ನು ಕೇಳಿದ್ದೇವೆ. ಅವು ಸುಳ್ಳಲ್ಲ. ಆದರೆ ಅಂತಹ ಪಂಕ್ತಿಗೆ ದಾಸೋಹವೆಂಬ ಹೆಸರು ಸಲ್ಲದು, ಔತಣವೆನ್ನಬಹುದು. ಒಳಕೋಣೆಯಲ್ಲಿ ಉಂಡ ಗಣ್ಯರು ಮುಂದಿನ ವರ್ಷ ಬರುವುದು ಅಧಿಕಾರ ಉಳಿದಿದ್ದರೆ ಮಾತ್ರ. ಹೊರಗಿನ ಸಾಲಿನ ಮುದುಕಿಯು ಬುತ್ತಿ ಕಟ್ಟಿಕೊಂಡು ನಡೆದಾದರೂ ಬರುತ್ತಾಳೆ. ಹಳೆಯ ವಿದ್ಯಾರ್ಥಿಗಳಾದ ನೀವು ಜಾತ್ರೆಗೆ ಬಂದಾಗ ಬಡಿಸುವ ಸೌಟನ್ನು ಕೈಗೆ ತೆಗೆದುಕೊಂಡು ಆಕೆಯ ಸಾಲಿಗೆ ಹೋಗಿರಿ, ಊರು ಯಾವುದೆಂದು ಕೇಳಿರಿ.